ಕೆರೆ ಯಾವಾಗ ಬತ್ತಿತು? ಉಪಗ್ರಹ ಚಿತ್ರ ಇಟ್ಟುಕೊಂಡು ಊರ ನೀರಿನ ಲೆಕ್ಕ ಹಾಕುವ ಬಗೆ

ಮಂಡ್ಯ ಜಿಲ್ಲೆಯ ಯಾವ ಗ್ರಾಮಸಭೆಗೆ ಹೋದರೂ ಕೆರೆಯ ಮಾತು ಬಂದೇ ಬರುತ್ತದೆ. ಹೂಳು ತೆಗೆಸಿದ್ದೇವೆ ಅಂತ ಒಬ್ಬರು, ಎಲ್ಲಿ ತೆಗೆಸಿದ್ರಿ ತೋರಿಸಿ ಅಂತ ಇನ್ನೊಬ್ಬರು. ಗಂಟಲು ಜೋರಿದ್ದವರ ಮಾತು ಗೆಲ್ಲುತ್ತದೆ. ಯಾಕೆಂದರೆ ಯಾರ ಕೈಯಲ್ಲೂ ಲೆಕ್ಕ ಇರುವುದಿಲ್ಲ.

ಆದರೆ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ 2015ರಿಂದ ನಮ್ಮ ತಲೆಯ ಮೇಲೆ ಹಾದುಹೋಗುತ್ತಲೇ ಇದೆ. 2017ರಲ್ಲಿ ಅದಕ್ಕೆ ಜೋಡಿ ಬಂದ ಮೇಲೆ ಐದು ದಿನಕ್ಕೊಂದು ಚಿತ್ರ ಸಿಗುತ್ತಿದೆ. ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ತೆಗೆದ ಚಿತ್ರ. ಕಾಸು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಒಂದು ಕೆರೆಯನ್ನು ವರ್ಷಗಟ್ಟಲೆ ಹೀಗೆ ಗಮನಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಪ್ರೋಗ್ರಾಮಿಂಗ್ ಬರಬೇಕಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ಫೋನ್, ಏರಿಯ ಮೇಲೆ ನಡೆಯಲು ಒಂದು ಜೊತೆ ಗಟ್ಟಿ ಚಪ್ಪಲಿ ಇದ್ದರೆ ಸಾಕು. ಗ್ರಾಮ ಪಂಚಾಯಿತಿ ಸದಸ್ಯರು, ಪಿಡಿಒಗಳು, ಕೆರೆ ಬಳಕೆದಾರರ ಸಂಘದವರು, ಕಾಲೇಜು ಮಕ್ಕಳು, ಯಾರು ಬೇಕಾದರೂ ಮಾಡಬಹುದು.

ಮೊದಲು ಪ್ರಶ್ನೆ, ಆಮೇಲೆ ನಕ್ಷೆ

ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ, ಕಲಿತವರಲ್ಲಿ ಹೆಚ್ಚಿನವರು ಮೊದಲು ಒಂದು ಚಂದದ ನಕ್ಷೆ ಮಾಡುತ್ತಾರೆ. ಊರೆಲ್ಲ ಹಸಿರು, ಕೆರೆ ನೀಲಿ, ಮನೆಗಳು ಕೆಂಪು. ಫ್ರೇಮ್ ಹಾಕಿಸಿ ಪಂಚಾಯಿತಿ ಗೋಡೆಗೆ ತೂಗುಹಾಕಬಹುದು. ಅದರಿಂದ ಒಂದು ತೀರ್ಮಾನವೂ ಬದಲಾಗುವುದಿಲ್ಲ.

ಹಾಗಾಗಿ ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ. ಕೆರೆಯ ವಿಷಯದಲ್ಲಿ ಜನ ಸಾಮಾನ್ಯವಾಗಿ ಕೇಳುವುದು ‘ಎಷ್ಟು ಎಕರೆ ನೀರಿದೆ?’ ಅಂತ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆ ಪ್ರಶ್ನೆ ‘ಯಾವ ತಿಂಗಳಲ್ಲಿ ಬತ್ತುತ್ತದೆ?’ ಅನ್ನುವುದು. ಯಾಕೆ ಅಂತ ಹೇಳ್ತೀನಿ.

ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಮೈ ಮಾತ್ರ. ಆಳ ಕಾಣುವುದಿಲ್ಲ. ಹೂಳು ತುಂಬಿದ ಕೆರೆಯೂ ಒಳ್ಳೆ ಮಳೆ ಬಂದರೆ ಅಗಲಕ್ಕೆ ಹರಡಿಕೊಂಡು ತುಂಬಿದಂತೆ ಕಾಣುತ್ತದೆ. ಹೂಳು ತೆಗೆಸಿದ ಕೆರೆಯೂ ಡಿಸೆಂಬರ್‌ನಲ್ಲಿ ಅಷ್ಟೇ ಅಗಲ ಕಾಣುತ್ತದೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದು ಬೇಸಿಗೆಯಲ್ಲಿ. ತಟ್ಟೆಯ ನೀರು ಬೇಗ ಆರುತ್ತದೆ, ಬಿಂದಿಗೆಯ ನೀರು ಉಳಿಯುತ್ತದೆ, ಅಲ್ವಾ? ಆಳ ಅಳೆಯಲು ಆಗದಿದ್ದರೂ ಬತ್ತುವ ದಿನವನ್ನು ಗುರುತಿಸಬಹುದು. ಐದು ದಿನಕ್ಕೊಂದು ಚಿತ್ರ ಬರುವುದರಿಂದ ಹೆಚ್ಚೆಂದರೆ ಒಂದು ವಾರ, ಹತ್ತು ದಿನದ ಆಚೀಚೆ ಆಗಬಹುದು ಅಷ್ಟೇ.

ಈ ಕೆಲಸ ದೊಡ್ಡ ಲೆಕ್ಕಕ್ಕೂ ಸೇರುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು ನೀರಿನದು. ಅದರ 6.6.1 ಎಂಬ ಸೂಚಕ ಕೆರೆ, ನದಿ, ಜೌಗು ಪ್ರದೇಶಗಳ ವಿಸ್ತಾರ ಕಾಲಕಾಲಕ್ಕೆ ಹೇಗೆ ಬದಲಾಗಿದೆ ಎಂದು ಕೇಳುತ್ತದೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಈ ಗುರಿಗಳನ್ನೆಲ್ಲ ಹಳ್ಳಿಗೆ ಹೊಂದುವ ಒಂಬತ್ತು ವಿಷಯಗಳಾಗಿ ಮಾಡಿದೆ. ಸಾಕಷ್ಟು ನೀರಿರುವ ಗ್ರಾಮ ಅವುಗಳಲ್ಲಿ ಒಂದು. ‘ನಮ್ಮ ಗ್ರಾಮ ನಮ್ಮ ಯೋಜನೆ’ ಬರೆಯುವಾಗ ಈ ವಿಷಯದ ಕೆಳಗೆ ನಿಮ್ಮ ಅಂಕಿ ನೇರವಾಗಿ ಹಾಕಬಹುದು.

ಜಗತ್ತಿನ ಮಟ್ಟದ ಲೆಕ್ಕವೇ ಇರುವಾಗ ನಾವ್ಯಾಕೆ ಅಳೆಯಬೇಕು ಅಂತ ಕೇಳಬಹುದು. ಆ ಲೆಕ್ಕಕ್ಕೆ ಬಳಸುವ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಐದು ಎಕರೆಯ ಕಟ್ಟೆ ಅಂದರೆ ಅದರಲ್ಲಿ ಇಪ್ಪತ್ತೆರಡು ಚುಕ್ಕಿ. ಅದರಲ್ಲೂ ಅಂಚಿನ ಚುಕ್ಕಿಗಳಲ್ಲಿ ಅರ್ಧ ನೀರು, ಅರ್ಧ ನೆಲ. ನಮ್ಮ ಸಣ್ಣ ಕೆರೆಕಟ್ಟೆಗಳ ಕಥೆ ಆ ಲೆಕ್ಕದಲ್ಲಿ ಸರಿಯಾಗಿ ಬರುವುದಿಲ್ಲ.

ಒಂದು ಚುಕ್ಕಿ, ಒಂದು ಗುಂಟೆ

ಇದು ನಮಗೆ ಅದೃಷ್ಟಕ್ಕೆ ಒದಗಿದ ಅನುಕೂಲ. ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್, 10 ಮೀಟರ್‌ಗೆ 10 ಮೀಟರ್. ನೂರು ಚದರ ಮೀಟರ್. ನಮ್ಮ ಒಂದು ಗುಂಟೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಹತ್ತಿರತ್ತಿರ ಒಂದೇ!

ಹಾಗಾಗಿ ಚುಕ್ಕಿ ಎಣಿಸಿದರೆ ಗುಂಟೆ ಎಣಿಸಿದಂತೆ. ನಲವತ್ತರಿಂದ ಭಾಗಿಸಿದರೆ ಎಕರೆ. ಶೇ. 1ರಷ್ಟು ವ್ಯತ್ಯಾಸ ಬರುತ್ತದೆ, ಗ್ರಾಮಸಭೆಯ ಮಟ್ಟಿಗೆ ಅದನ್ನು ಮರೆತುಬಿಡಬಹುದು. ಹೆಕ್ಟೇರ್ ಅಂದರೆ ಜನ ಮುಖ ನೋಡುತ್ತಾರೆ. ‘ಜನವರಿಗೂ ಮಾರ್ಚ್‌ಗೂ ನಡುವೆ ಇಪ್ಪತ್ತು ಎಕರೆ ನೀರು ಹೋಯ್ತು’ ಅಂದರೆ ತಕ್ಷಣ ಅರ್ಥವಾಗುತ್ತದೆ.

ಗಡಿ ಹಾಕುವುದು

ಕೆರೆಯ ಗಡಿ ಹಾಕುವುದು ಮೊದಲ ಕೆಲಸ. ಒಂದು ಸಲ ಹಾಕಿದ ಗಡಿಯನ್ನು ಆಮೇಲೆ ಯಾವ ಕಾರಣಕ್ಕೂ ಮುಟ್ಟಬಾರದು. ಒಂದು ವರ್ಷ ಒಂದು ಗಡಿ, ಮುಂದಿನ ವರ್ಷ ಇನ್ನೊಂದು ಗಡಿ ಆದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಅದು ರಾಜ್ಯ ಸರ್ಕಾರದ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಏರಿಯ ಎರಡೂ ತುದಿ, ಕೋಡಿ, ತೂಬು, ನೀರು ಒಳಗೆ ಬರುವ ಹಳ್ಳದ ಬಾಯಿ, ಈ ಐದು ಜಾಗದಲ್ಲಿ ನಿಂತು ಸರ್ವೆ ನಂಬರ್ ಬರೆದುಕೊಳ್ಳಿ. ಆಮೇಲೆ ಭೂಮಾಪನ ಇಲಾಖೆಯ ಜಾಲತಾಣದಿಂದ ನಿಮ್ಮ ಗ್ರಾಮದ ನಕ್ಷೆಯ ಪಿಡಿಎಫ್ ಇಳಿಸಿಕೊಳ್ಳಿ. ಕೆರೆಯ ಆಕಾರ ಅದರಲ್ಲಿ ಇರುತ್ತದೆ.

ಈ ಪಿಡಿಎಫ್ ಬರೀ ಚಿತ್ರ. ಭೂಮಿಯ ಮೇಲೆ ಎಲ್ಲಿ ಕೂರಬೇಕು ಅಂತ ಅದಕ್ಕೆ ಗೊತ್ತಿಲ್ಲ. ಕೂರಿಸುವ ಕೆಲಸ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಬೇಕು. ಅದರಲ್ಲಿರುವ ಜಿಯೋರೆಫರೆನ್ಸರ್ ತೆರೆದು, ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಎರಡೂ ಕಡೆ ಕಾಣುವ ಗುರುತುಗಳನ್ನು ಜೋಡಿಸುತ್ತಾ ಹೋಗಿ. ಹಳೇ ದೇವಸ್ಥಾನ, ರಸ್ತೆ ಕೂಡುವ ಜಾಗ, ಏರಿಯ ತಿರುವು, ಮೂರು ಊರಿನ ಎಲ್ಲೆ ಸೇರುವ ಕಲ್ಲು ಒಳ್ಳೆ ಗುರುತುಗಳು. ಹೊಸ ಸೇತುವೆ, ಹೊಸ ರಸ್ತೆ ಬೇಡ, ಹಳೇ ನಕ್ಷೆಯಲ್ಲಿ ಅವು ಇರುವುದೇ ಇಲ್ಲ. ಎಂಟು, ಹತ್ತು ಗುರುತು ಇರಲಿ. ಎಲ್ಲವೂ ಕೆರೆಯ ಒಂದೇ ಬದಿಗೆ ಇದ್ದರೆ ಇನ್ನೊಂದು ಬದಿ ಸೊಟ್ಟಗಾಗುತ್ತದೆ. ಸುತ್ತಲೂ ಹರಡಿರಬೇಕು.

ಅಕ್ಷಾಂಶ ರೇಖಾಂಶದ ವ್ಯವಸ್ಥೆ ಕೇಳಿದಾಗ ಇಪಿಎಸ್‌ಜಿ 32643 ಆರಿಸಿ. ಅದು ಯುಟಿಎಂ 43 ಉತ್ತರ ವಲಯ. ಮೈಸೂರು, ಮಂಡ್ಯ ಎರಡೂ ಅದರಲ್ಲೇ ಬರುತ್ತವೆ. ಇದನ್ನು ಆರಿಸಿದರೆ ಅಳತೆ ಮೀಟರ್‌ನಲ್ಲಿ ಬರುತ್ತದೆ. ಸುಮ್ನೆ ಬಂದದ್ದಕ್ಕೆ ಸರಿ ಒತ್ತಿದರೆ ಅಳತೆ ಡಿಗ್ರಿಯಲ್ಲಿ ಬಂದು ತಲೆ ಕೆಡುತ್ತದೆ.

ಈಗ ಕೆರೆಯ ಸುತ್ತ ಗೆರೆ ಎಳೆದು ಉಳಿಸಿಕೊಳ್ಳಿ. ಪೂರ್ತಿ ಕೆರೆ ಅಂಗಳ ಒಳಗೆ ಬರಲಿ. ಏರಿಯ ಹಿಂದಿನ ಅಚ್ಚುಕಟ್ಟು ಗದ್ದೆಗಳು ಮಾತ್ರ ಒಳಗೆ ಬರಬಾರದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಯಾವ ದಿನದ ಚಿತ್ರ?

ಈ ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಕಾಗುವುದು ಇಲ್ಲಿ. ತಂತ್ರಾಂಶದ ಕೆಲಸ ಯಾರಾದರೂ ಕಲಿಯಬಹುದು. ದಿನ ಆರಿಸಲು ಮಾತ್ರ ಊರಿನ ಬೇಸಾಯ ಗೊತ್ತಿರಬೇಕು.

ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನದೇ ದೊಡ್ಡ ಪಾಲು. ಹಾಗಾಗಿ ಮಳೆ ನಂಬಿದ ಕೆರೆಗಳು ತುಂಬಿ ನಿಲ್ಲುವುದು ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ. ಆಗ ಆಕಾಶವೂ ತಿಳಿಯಾಗಿರುತ್ತದೆ. ಡಿಸೆಂಬರ್ ಎರಡನೇ ಅರ್ಧದ ಒಂದು ಒಳ್ಳೆ ಚಿತ್ರವನ್ನು ‘ತುಂಬಿದ ದಿನ’ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮೇ ಮಧ್ಯದವರೆಗೆ ಹದಿನೈದು ದಿನಕ್ಕೊಂದು ಚಿತ್ರ ಸಾಕು.

ಡಿಸೆಂಬರ್‌ಗೆ ಇನ್ನೊಂದು ಕಾರಣವೂ ಇದೆ. ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಕೆಸರು ಮಾಡಿ ನಾಟಿ ಹಾಕುತ್ತಾರೆ. ಆಗ ಗದ್ದೆ ಪೂರ್ತಿ ನೀರು. ಮೇಲಿನಿಂದ ನೋಡಿದ ಉಪಗ್ರಹಕ್ಕೆ ಅದೂ ಕೆರೆಯೇ. ಆ ತಿಂಗಳಲ್ಲಿ ತಾಲ್ಲೂಕಿನ ನೀರಿನ ವಿಸ್ತಾರ ಲೆಕ್ಕ ಹಾಕಿದರೆ ಮದ್ದೂರು, ಪಾಂಡವಪುರದಲ್ಲಿ ಇಲ್ಲದ ಕೆರೆಗಳೆಲ್ಲ ಹುಟ್ಟಿಕೊಳ್ಳುತ್ತವೆ! ಡಿಸೆಂಬರ್ ಹೊತ್ತಿಗೆ ಭತ್ತ ಕಟಾವಿಗೆ ಬಂದಿರುತ್ತದೆ ಅಥವಾ ಕಟಾವಾಗಿರುತ್ತದೆ. ಬೇಸಿಗೆ ಭತ್ತಕ್ಕೆ ಇನ್ನೂ ನೀರು ಕಟ್ಟಿರುವುದಿಲ್ಲ. ಅಚ್ಚುಕಟ್ಟನ್ನು ಗಡಿಯಿಂದ ಹೊರಗಿಡಿ ಅಂದಿದ್ದೂ ಇದಕ್ಕೇ.

ಮೊದಲ ಸಲ ಮಾಡುವವರು ತಮ್ಮ ಕೆರೆಗಿಂತ ಮೊದಲು ಕೆಆರ್‌ಎಸ್ ಮೇಲೆ ಕೈ ಪಳಗಿಸಿಕೊಳ್ಳಿ. ಅಲ್ಲಿ ಉತ್ತರ ಮೊದಲೇ ಗೊತ್ತಿದೆ. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲಿ ಗರಿಷ್ಠ ಮಟ್ಟ 124.80 ಅಡಿ ಮುಟ್ಟಿತು. 2023ರ ಡಿಸೆಂಬರ್ ಮತ್ತು 2024ರ ಡಿಸೆಂಬರ್ ಚಿತ್ರ ಅಕ್ಕಪಕ್ಕ ಇಟ್ಟು ನೋಡಿ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಪಕ್ಕದ ಹಿನ್ನೀರಿನ ಅಂಚು ಎಲ್ಲಿತ್ತು, ಎಲ್ಲಿಗೆ ಬಂತು ಅಂತ ಗಮನಿಸಿ. ನಿಮ್ಮ ಲೆಕ್ಕದಲ್ಲಿ 2023ರ ನೀರೇ ಜಾಸ್ತಿ ಬಂದರೆ ಎಲ್ಲೋ ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಚಿತ್ರ ಇಳಿಸುವುದು

ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿ, ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಸೆಂಟಿನೆಲ್-2ರಲ್ಲಿ ಎಲ್2ಎ ಎಂಬ ಬಗೆ ಆರಿಸಿ. ಅದರಲ್ಲಿ ಗಾಳಿಯ ಮಬ್ಬನ್ನು ಸರಿಪಡಿಸಿರುತ್ತಾರೆ. ಕೆರೆಯ ಗಡಿಯ ಕಡತವನ್ನು ಅದಕ್ಕೆ ಸೇರಿಸಿದರೆ ಚಿತ್ರ ಅಷ್ಟಕ್ಕೇ ಕತ್ತರಿಸಿ ಬರುತ್ತದೆ.

ಮೋಡದ ಪ್ರಮಾಣ ಆರಿಸುವ ಕಡೆ ಜನ ಶೇ. 5, ಶೇ. 10 ಅಂತ ಇಟ್ಟುಬಿಡುತ್ತಾರೆ. ಬೇಡ. ಆ ಶೇಕಡಾವಾರು ಇಡೀ ಚಿತ್ರದ್ದು. ಒಂದು ಚಿತ್ರ ಸುಮಾರು 110 ಕಿಲೋಮೀಟರ್ ಉದ್ದಗಲ. ಎಲ್ಲೋ ದೂರದ ಗುಡ್ಡದ ಮೇಲೆ ಮೋಡ ಇದ್ದು, ನಾಗಮಂಗಲದ ನಿಮ್ಮ ಕೆರೆಯ ಮೇಲೆ ಬಿಸಿಲು ಇರಬಹುದು. ಶೇ. 60ರವರೆಗೆ ಬಿಟ್ಟು, ಕಣ್ಣಲ್ಲೇ ನೋಡಿ ಆರಿಸಿ. ಮೋಡದ ನೆರಳಿನ ಬಗ್ಗೆ ಮಾತ್ರ ಹುಷಾರು. ಅದು ಕಪ್ಪಗೆ ಬಿದ್ದು ನೀರಿನಂತೆಯೇ ಕಾಣುತ್ತದೆ.

ಇಳಿಸುವಾಗ ವಿಶ್ಲೇಷಣೆಯ ವಿಭಾಗದಲ್ಲಿ ಬ್ಯಾಂಡ್ 3 (ಹಸಿರು ಬೆಳಕಿನ ಚಿತ್ರ) ಮತ್ತು ಬ್ಯಾಂಡ್ 8 (ಇನ್‌ಫ್ರಾರೆಡ್ ಬೆಳಕಿನ ಚಿತ್ರ), 32 ಬಿಟ್ ಟಿಫ್ ರೂಪದಲ್ಲಿ ಬೇಕು ಅಂತ ಆರಿಸಿ. ರೆಸಲ್ಯೂಷನ್ 10 ಮೀಟರ್ ಅಂತ ನೀವೇ ಹಾಕಿ. ಅದನ್ನು ಬಿಟ್ಟರೆ ಚುಕ್ಕಿಯ ಅಳತೆ ಬೇರೆಯಾಗಿ, ಮೇಲೆ ಹೇಳಿದ ಗುಂಟೆ ಲೆಕ್ಕ ಕೆಡುತ್ತದೆ.

ಇಡೀ ಚಿತ್ರದ ಮೂಲ ಕಡತ ಇಳಿಸುವವರಿಗೆ ಒಂದು ಎಚ್ಚರಿಕೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಮೂಲ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಅದಕ್ಕಿಂತ ಹಳೆಯ ಚಿತ್ರಗಳಲ್ಲಿ ಕೆಲವು ಹಳೇ ಲೆಕ್ಕದಲ್ಲೇ ಇವೆ, ಮರುಸಂಸ್ಕರಿಸಿದವು ಹೊಸ ಲೆಕ್ಕದಲ್ಲಿವೆ. ಕಡತದ ಜೊತೆ ಬರುವ ವಿವರಪಟ್ಟಿಯಲ್ಲಿ ಇದು ನಮೂದಾಗಿರುತ್ತದೆ. ನೋಡಿ 1000 ಕಳೆಯದೆ ಹೋಲಿಸಿದರೆ 2021ಕ್ಕೂ 2022ಕ್ಕೂ ನಡುವೆ ಕೆರೆಗೆ ಏನೋ ಆಗಿಹೋಗಿದೆ ಅನ್ನಿಸುತ್ತದೆ. ಏನೂ ಆಗಿರುವುದಿಲ್ಲ. ಬ್ರೌಸರ್‌ನಿಂದ ಮೇಲಿನ ರೀತಿ ಇಳಿಸಿದರೆ ಈ ತಲೆನೋವಿಲ್ಲ.

ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಿದ್ದರೆ ಸೆಂಟಿನೆಲ್-1 ನೋಡಬಹುದು. ಅದು ರೇಡಾರ್, ಮೋಡದೊಳಗಿಂದಲೂ ನೋಡುತ್ತದೆ. ಅದರಲ್ಲಿ ನಿಂತ ನೀರು ಕಪ್ಪಗೆ ಕಾಣುತ್ತದೆ. ಗಾಳಿಗೆ ಅಲೆ ಎದ್ದ ದಿನ ಮಾತ್ರ ನಂಬಬೇಡಿ.

ನೀರು ಎಣಿಸುವುದು

ನೀರು ಹಸಿರು ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ. ಗಿಡಮರ ಇದಕ್ಕೆ ಉಲ್ಟಾ, ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಈ ವ್ಯತ್ಯಾಸವನ್ನೇ ಅಂಕಿ ಮಾಡುವ ಸೂತ್ರಕ್ಕೆ ಎನ್‌ಡಿಡಬ್ಲ್ಯೂಐ ಎನ್ನುತ್ತಾರೆ. 1996ರಿಂದ ಬಳಕೆಯಲ್ಲಿದೆ.

ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್ ತೆರೆದು ಹೀಗೆ ಬರೆಯಿರಿ:

(ಬ್ಯಾಂಡ್ 3 − ಬ್ಯಾಂಡ್ 8) ÷ (ಬ್ಯಾಂಡ್ 3 + ಬ್ಯಾಂಡ್ 8)

ಉತ್ತರ −1ರಿಂದ +1ರ ಒಳಗೆ ಬರುತ್ತದೆ. ಸೊನ್ನೆಗಿಂತ ಜಾಸ್ತಿ ಇದ್ದರೆ ನೀರು ಅಂತ ಮೊದಲಿಗೆ ಹಿಡಿಯಿರಿ. ಆದರೆ ನಮ್ಮ ಕೆರೆಗಳ ನೀರು ಬಿಸ್ಲೇರಿ ಅಲ್ಲ. ಕೆಂಪು ಮಣ್ಣು ಕಲಸಿದ ನೀರಲ್ಲಿ ಅಂಕಿ ಸೊನ್ನೆಗಿಂತ ಕೆಳಗೂ ಇಳಿಯಬಹುದು. ಒಂದು ದಿನ ಹೋಗಿ ಅಂಚು ಎಲ್ಲಿದೆ ಅಂತ ನೋಡಿಕೊಂಡು ಬಂದು ಆ ಮಿತಿಯನ್ನು −0.05, +0.05 ಹೀಗೆ ಸ್ವಲ್ಪ ಆಚೀಚೆ ಸರಿಸಿ. ಒಮ್ಮೆ ನಿಮ್ಮ ಕೆರೆಗೆ ಹೊಂದುವ ಮಿತಿ ಸಿಕ್ಕಿದ ಮೇಲೆ ಎಲ್ಲ ವರ್ಷಕ್ಕೂ ಅದನ್ನೇ ಇಟ್ಟುಕೊಳ್ಳಿ. ನಮಗೆ ಬೇಕಾದ ಉತ್ತರ ಬರುವವರೆಗೆ ಮಿತಿ ಸರಿಸುವುದು ಲೆಕ್ಕವಲ್ಲ, ರಾಜಕೀಯ.

ಮಿತಿಗಿಂತ ಮೇಲಿನದನ್ನು 1, ಕೆಳಗಿನದನ್ನು 0 ಮಾಡಿ, ‘ರಾಸ್ಟರ್ ಲೇಯರ್ ಯೂನಿಕ್ ವ್ಯಾಲ್ಯೂಸ್ ರಿಪೋರ್ಟ್’ ಎಂಬ ಸಾಧನ ಓಡಿಸಿದರೆ ಎಷ್ಟು ಚುಕ್ಕಿ ನೀರು ಅಂತ ಹೇಳುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಡಿಸೆಂಬರ್ 20ಕ್ಕೆ 2,400 ಚುಕ್ಕಿ, ಅಂದರೆ 60 ಎಕರೆ. ಫೆಬ್ರವರಿ 15ಕ್ಕೆ 1,300 ಚುಕ್ಕಿ, 32 ಎಕರೆ ಚಿಲ್ಲರೆ. ಮಾರ್ಚ್ 20ಕ್ಕೆ 600 ಚುಕ್ಕಿ, 15 ಎಕರೆ. ಇಲ್ಲಿ ಕೆರೆ ಬತ್ತಿತು ಅನ್ನುವುದು ಯಾವಾಗ? ಪೂರ್ತಿ ಸೊನ್ನೆ ಆಗುವವರೆಗೆ ಕಾಯಬೇಡಿ. ಮಣ್ಣು ತೆಗೆದ ಗುಂಡಿಗಳಲ್ಲಿ ಒಂದಷ್ಟು ನೀರು ಜೂನ್‌ವರೆಗೂ ನಿಂತಿರುತ್ತದೆ. ಅದರಿಂದ ದನಕ್ಕೂ ಸರಿಯಾಗಿ ಸಾಲುವುದಿಲ್ಲ. ಡಿಸೆಂಬರ್ ವಿಸ್ತಾರದ ಕಾಲು ಭಾಗಕ್ಕೆ ಇಳಿದ ದಿನವನ್ನು ಬತ್ತಿದ ದಿನ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಈ ಉದಾಹರಣೆಯಲ್ಲಿ ಅದು ಮಾರ್ಚ್ 20. ಪ್ರತಿ ವರ್ಷಕ್ಕೂ ಒಂದು ದಿನಾಂಕ. ಇಷ್ಟೇ ನಿಮ್ಮ ಸೂಚಕ.

ಅಂತರಗಂಗೆ ಮಾಡುವ ಮೋಸ

ಈಗ ಏರಿಯ ಮೇಲೆ ನಡೆಯಲೇಬೇಕಾದ ಕಾರಣ ಹೇಳುತ್ತೇನೆ. ಕೊಳಚೆ ಸೇರುವ ಕೆರೆಗಳಲ್ಲಿ ಅಂತರಗಂಗೆ, ಜೊಂಡು ಬೆಳೆದು ನೀರನ್ನು ಪೂರ್ತಿ ಮುಚ್ಚಿಬಿಡುತ್ತವೆ. ಅಂಥ ಕೆರೆಯ ಏರಿಯ ಮೇಲೆ ನಿಂತರೆ ಕಣ್ಣಿಗೆ ಹಸಿರು ಹಾಸು, ಮಧ್ಯೆ ಅಲ್ಲಲ್ಲಿ ತಿಳಿ ನೇರಳೆ ಹೂವು, ಒಂದು ಕಲ್ಲು ಎಸೆದರೆ ‘ಬುಳುಕ್’ ಅಂತ ಶಬ್ದ. ಕೆಳಗೆ ಆಳುದ್ದ ನೀರಿರುತ್ತದೆ. ಉಪಗ್ರಹ ಚಿತ್ರದ ಅಂಕಿ ಮಾತ್ರ −0.6. ಅಂದರೆ ಸೊಂಪಾದ ಬೆಳೆ! ಲೆಕ್ಕದ ಪ್ರಕಾರ ಕೆರೆ ಬತ್ತಿ ಗದ್ದೆಯಾಗಿದೆ.

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ನಿಜವಾಗಿ ಬತ್ತುವ ಕೆರೆ ಮೇಲಿನ ಅಂಚಿನಿಂದ, ಅಂದರೆ ಹಳ್ಳ ಬಂದು ಸೇರುವ ಬದಿಯಿಂದ, ಏರಿಯ ಕಡೆಗೆ ಸರಿಯುತ್ತದೆ. ಕೊನೆಯ ನೀರು ತೂಬಿನ ಹತ್ತಿರ ಉಳಿಯುತ್ತದೆ. ನೀರು ಮಧ್ಯದಿಂದಲೇ ಮಾಯವಾಗುತ್ತಿದ್ದರೆ, ಅಥವಾ ವಾರದಿಂದ ವಾರಕ್ಕೆ ಹಸಿರು ತೇಪೆ ಜಾಗ ಬದಲಿಸುತ್ತಿದ್ದರೆ, ಅದು ಗಾಳಿಗೆ ತೇಲುವ ಕಳೆ. ಬತ್ತಿದ್ದಲ್ಲ.

ನೆಲಕ್ಕೆ ಹೋಗುವ ಮೊದಲು ಮನೆಯಲ್ಲೇ ಹದಿನೈದು, ಇಪ್ಪತ್ತು ಜಾಗ ಗುರುತು ಮಾಡಿಕೊಳ್ಳಿ. ನೀರು ಅಂತ ಬಂದ ಕಡೆ ಕೆಲವು, ನೆಲ ಅಂತ ಬಂದ ಕಡೆ ಕೆಲವು, ಅನುಮಾನ ಇದ್ದ ಕಡೆ ಜಾಸ್ತಿ. ಅಲ್ಲಿಗೇ ಹೋಗಿ ಫೋಟೋ ತೆಗೆಯಿರಿ. ಹೋದ ಮೇಲೆ ಜಾಗ ಆರಿಸಿದರೆ ನಡೆಯಲು ಸುಲಭವಾದ ಕಡೆಗೇ ಕಾಲು ಹೋಗುತ್ತದೆ. ಕ್ಯೂಫೀಲ್ಡ್ ಎಂಬ ಆ್ಯಪ್‌ನಲ್ಲಿ ನಿಮ್ಮ ಕ್ಯೂಜಿಐಎಸ್ ನಕ್ಷೆ ಹಾಗೇ ಫೋನಿಗೆ ಬರುತ್ತದೆ. ತೆಂಗಿನ ತೋಟದೊಳಗೆ ಫೋನಿನ ಜಿಪಿಎಸ್ ನಾಲ್ಕಾರು ಮೀಟರ್ ಅತ್ತಿತ್ತ ಓಡುತ್ತದೆ, ಒಂದು ನಿಮಿಷ ನಿಂತು ಗುರುತು ಹಾಕಿ. ಉಪಗ್ರಹ ಹಾದುಹೋಗುವ ದಿನಕ್ಕೆ ಒಂದೆರಡು ದಿನ ಆಚೀಚೆಯೇ ಹೋದರೆ ಹೋಲಿಕೆ ಗಟ್ಟಿ.

ಹೂಳು ತೆಗೆದದ್ದು ಫಲ ಕೊಟ್ಟಿತೇ?

ಹೂಳು ತೆಗೆಯುವ ಮೊದಲಿನ ಮೂರು ವರ್ಷ, ತೆಗೆದ ಮೇಲಿನ ಮೂರು ವರ್ಷ, ಎರಡರ ಬತ್ತಿದ ದಿನ ಬರೆದುಕೊಳ್ಳಿ. ಮಾರ್ಚ್‌ನಲ್ಲಿ ಬತ್ತುತ್ತಿದ್ದ ಕೆರೆ ಮೇವರೆಗೆ ಬಂದಿದ್ದರೆ ಖುಷಿಯ ಸುದ್ದಿ. ಆದರೆ ಆ ವರ್ಷಗಳಲ್ಲಿ ಮಳೆಯೇ ಚೆನ್ನಾಗಿ ಬಂದಿದ್ದರೆ? ಅದಕ್ಕೆ ಎರಡು ಪರೀಕ್ಷೆ ಮಾಡಬೇಕು. ಒಂದು, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಳೆ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ಇನ್ನೊಂದು ಅದಕ್ಕಿಂತ ಉತ್ತಮ. ಅದೇ ಹೋಬಳಿಯಲ್ಲಿ, ಹೆಚ್ಚುಕಮ್ಮಿ ಅಷ್ಟೇ ದೊಡ್ಡದಾದ, ಹೂಳು ತೆಗೆಯದ ಇನ್ನೊಂದು ಕೆರೆಯನ್ನೂ ಜೊತೆಗೆ ಅಳೆಯಿರಿ. ಎರಡಕ್ಕೂ ಬಿದ್ದದ್ದು ಒಂದೇ ಮಳೆ. ನಿಮ್ಮ ಕೆರೆ ಐವತ್ತು ದಿನ ಮುಂದಕ್ಕೆ ಹೋಗಿ, ಪಕ್ಕದೂರಿನದೂ ನಲವತ್ತೈದು ದಿನ ಮುಂದಕ್ಕೆ ಹೋಗಿದ್ದರೆ ಹೂಳಿನ ಪಾಲು ಐದು ದಿನದ್ದು ಅಷ್ಟೇ.

ಉಲ್ಟಾ ಫಲವೂ ಬರಬಹುದು. ಹೂಳು ತೆಗೆದ ಮೇಲೆ ಕೆರೆ ಇನ್ನೂ ಬೇಗ ಬತ್ತಿದರೆ ಕೆಲಸ ಹಾಳಾಯ್ತು ಅಂತ ತೀರ್ಮಾನ ಮಾಡುವ ಮೊದಲು ಸುತ್ತಲಿನ ಬೋರ್‌ವೆಲ್‌ಗಳನ್ನು ಕೇಳಿ. ತಳದ ಜಿಗಟು ಪದರ ಹೋದರೆ ನೀರು ಕೆಳಗೆ ಇಂಗುತ್ತದೆ. ಕೆರೆ ಖಾಲಿ, ಬೋರ್‌ವೆಲ್‌ನಲ್ಲಿ ನೀರು. ಕೆಲವು ಊರಿಗೆ ಅದೇ ಬೇಕಾಗಿರುತ್ತದೆ. ಜೊತೆಗೆ ತೂಬು ಸೋರುತ್ತಿದೆಯೇ, ಕೆರೆಗೆ ಎಷ್ಟು ಮೋಟಾರ್ ಇಟ್ಟಿದ್ದಾರೆ ಅನ್ನುವುದನ್ನೂ ನೋಡಬೇಕು. ಇವು ಯಾವುವೂ ಮೇಲಿನಿಂದ ಕಾಣುವುದಿಲ್ಲ.

ನಾಲೆಯಿಂದಲೋ ಪೈಪಿನಿಂದಲೋ ನೀರು ತುಂಬಿಸುವ ಕೆರೆಗಳಿಗೆ ಈ ಸೂಚಕವನ್ನು ಹಾಗೇ ಹಾಕಬೇಡಿ. ಅಲ್ಲಿ ನೀರು ಎಂದು ಬಿಟ್ಟರು, ಎಂದು ನಿಲ್ಲಿಸಿದರು ಅನ್ನುವ ದಿನಗಳನ್ನು ಮೊದಲು ಬರೆದುಕೊಂಡು, ನಿಲ್ಲಿಸಿದ ದಿನದಿಂದ ಎಣಿಸಬೇಕು.

ತುಂಬಾ ಹಿಂದಕ್ಕೆ ಹೋಗುವ ಆಸೆ ಇದ್ದರೆ ಲ್ಯಾಂಡ್‌ಸ್ಯಾಟ್ ಇದೆ. 30 ಮೀಟರ್ ಚಿತ್ರಗಳು 1980ರ ದಶಕದಿಂದ ಸಿಗುತ್ತವೆ. ಅದರ ಒಂದು ಚುಕ್ಕಿ ಅಂದರೆ ಸುಮಾರು ಒಂಬತ್ತು ಗುಂಟೆ. ತೊಣ್ಣೂರು ಕೆರೆ, ಸೂಳೆಕೆರೆಯಂಥ ದೊಡ್ಡ ಕೆರೆಗಳಿಗೆ ಚೆನ್ನಾಗಿ ಆಗುತ್ತದೆ. ಸಣ್ಣ ಕಟ್ಟೆಗೆ ಬೇಡ. ಸೆಂಟಿನೆಲ್ ಅಂಕಿಯನ್ನೂ ಲ್ಯಾಂಡ್‌ಸ್ಯಾಟ್ ಅಂಕಿಯನ್ನೂ ಒಂದೇ ಗೆರೆಯಲ್ಲಿ ಸೇರಿಸಬೇಡಿ.

ಮೈಸೂರಿನವರಿಗೆ ಬೇರೆ ಪ್ರಶ್ನೆ

ಕುಕ್ಕರಹಳ್ಳಿ, ಕಾರಂಜಿ ಕೆರೆಗಳಲ್ಲಿ ಬತ್ತಿದ ದಿನ ಹುಡುಕುತ್ತಾ ಕೂತರೆ ಪ್ರಯೋಜನ ಕಡಿಮೆ. ಅಲ್ಲಿ ಕೇಳಬೇಕಾದ್ದು ಕೆರೆಗೆ ನೀರು ತರುವ ದಾರಿಯ ಬಗ್ಗೆ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಹಲವು ಕಡೆ ಬಡಾವಣೆಗಳ ನಡುವೆ ಕಳೆದುಹೋಗಿದೆ. ಇಸ್ರೋದ ಭುವನ್ ಎಂಬ ನಕ್ಷೆ ತಾಣದಲ್ಲಿ ಕಾರ್ಟೊಡೆಮ್ ಎಂಬ ಎತ್ತರದ ದತ್ತಾಂಶ ಸಿಗುತ್ತದೆ. ಅದನ್ನು ಕ್ಯೂಜಿಐಎಸ್‌ಗೆ ಹಾಕಿ ನೀರು ಇಳಿಯುವ ದಾರಿ ತೆಗೆದು, ಅದರ ಮೇಲೆ ಕಟ್ಟಡಗಳ ಪದರ ಇಟ್ಟರೆ ಎಲ್ಲಿ ಕಟ್ ಆಗಿದೆ ಅಂತ ತಿಳಿಯುತ್ತದೆ. ನಗರ ಬೆಳೆಯುವ ವೇಗವನ್ನು ಜನಸಂಖ್ಯೆ ಬೆಳೆಯುವ ವೇಗಕ್ಕೆ ಹೋಲಿಸುವ 11.3.1 ಎಂಬ ಸೂಚಕವೂ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದೆ. ಅದಕ್ಕೆ ಹೊಸ ಜನಗಣತಿಯ ಅಂಕಿ ಬೇಕು. 2011ರ ಅಂಕಿ ಇಟ್ಟುಕೊಂಡು ಇವತ್ತಿನ ಮೈಸೂರಿನ ಬಗ್ಗೆ ಮಾತಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಹಸಿರಿನ ಲೆಕ್ಕ ಹಾಕುವವರಿಗೂ ಒಂದು ಮಾತು. ಎನ್‌ಡಿವಿಐ ಎಂಬ ಹಸಿರಿನ ಅಂಕಿ ಜಾಸ್ತಿಯಾದರೆ ಕಾಡು ಬೆಳೆಯಿತು ಅಂತಲ್ಲ. ಕಬ್ಬು ವರ್ಷವಿಡೀ ಹಸಿರು. ತೆಂಗಿನ ತೋಟ ಹಸಿರು. ನೀಲಗಿರಿ ತೋಪೂ ಹಸಿರು. ರಾಗಿ ಹೊಲ ಬೇಸಿಗೆಯಲ್ಲಿ ಬೋಳು, ಆದರೆ ಅದು ಹಾಳು ಭೂಮಿ ಅಲ್ಲ.

ಗ್ರಾಮಸಭೆಗೆ ಕೊಂಡೊಯ್ಯುವುದು

ಪ್ರೊಜೆಕ್ಟರ್ ನೆಚ್ಚಿಕೊಳ್ಳಬೇಡಿ, ಕರೆಂಟ್ ಹೋಗುತ್ತದೆ. ಎ3 ಹಾಳೆಯಲ್ಲಿ ಎರಡು ಚಿತ್ರ ಅಕ್ಕಪಕ್ಕ ಮುದ್ರಿಸಿ. ಕೆಳಗೆ ವರ್ಷ, ತುಂಬಿದ ದಿನದ ಎಕರೆ, ಬತ್ತಿದ ದಿನ, ಹೋಬಳಿಯ ಮಳೆ, ಈ ನಾಲ್ಕು ಕಾಲಂ ಸಾಕು. ಕೋಡಿ, ತೂಬು, ಮಾರಿಗುಡಿ, ಶಾಲೆ ಕನ್ನಡದಲ್ಲಿ ಗುರುತು ಮಾಡಿ. ಜನ ಮೊದಲು ತಮ್ಮ ಹೊಲ ಎಲ್ಲಿ ಅಂತ ಹುಡುಕುತ್ತಾರೆ. ಹುಡುಕಲಿ ಬಿಡಿ. ನಕ್ಷೆ ಸರಿ ಇದೆ ಅಂತ ಅವರಿಗೆ ನಂಬಿಕೆ ಬರುವುದೇ ಆಗ. ತಪ್ಪಿದ್ದರೆ ಹೇಳುವುದೂ ಅವರೇ.

ಒತ್ತುವರಿಯ ಮಾತು ಎದ್ದೇ ಏಳುತ್ತದೆ. ಅಲ್ಲಿ ತಡೆದು ಮಾತಾಡಿ. ಒಂದು ಚುಕ್ಕಿ ಒಂದು ಗುಂಟೆ ಅಂದಮೇಲೆ, ಗಡಿಯಲ್ಲಿ ಒಂದೆರಡು ಗುಂಟೆಯ ವ್ಯತ್ಯಾಸಕ್ಕೆ ಈ ಚಿತ್ರ ಸಾಕ್ಷಿ ಆಗುವುದಿಲ್ಲ. ಗ್ರಾಮ ನಕ್ಷೆಯನ್ನು ನೀವು ಕೂರಿಸಿದಾಗಲೂ ಕೆಲವು ಮೀಟರ್ ತಪ್ಪು ಇರುತ್ತದೆ. ಚಿತ್ರ ತೋರಿಸಿ ಅಳತೆಗೆ ಅರ್ಜಿ ಕೊಡಬಹುದು. ಗಡಿ ಹೇಳಬೇಕಾದವರು ಸರ್ವೇಯರ್. ಯಾವ ರೈತರ ಹೆಸರನ್ನೂ ನಕ್ಷೆಯ ಮೇಲೆ ಬರೆಯಬೇಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಪ್ರತಿಯಲ್ಲಂತೂ ಖಂಡಿತ ಬೇಡ.

ಕಡತಗಳನ್ನು ಇಡುವ ಬಗೆಯನ್ನು ಮೊದಲ ದಿನವೇ ತೀರ್ಮಾನಿಸಿ. ಪ್ರತಿ ಚಿತ್ರಕ್ಕೂ ಕೆರೆಯ ಹೆಸರು, ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ಹೆಸರು ಕೊಡಿ. ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಗಡಿಯ ಕಡತ, ನೀವು ಇಟ್ಟುಕೊಂಡ ಮಿತಿಯ ಅಂಕಿ, ನೆಲದ ಫೋಟೋಗಳು ಒಂದೇ ಫೋಲ್ಡರ್‌ನಲ್ಲಿ ಇರಲಿ. ಜೊತೆಗೆ ಒಂದು ಪುಟದಲ್ಲಿ ಏನೇನು ಮಾಡಿದಿರಿ ಅಂತ ಕನ್ನಡದಲ್ಲೇ ಬರೆದಿಡಿ. ಪಿಡಿಒ ವರ್ಗವಾಗಿ ಹೋಗುತ್ತಾರೆ, ಕಾಲೇಜು ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಹಾಗಾಗಿ ಒಂದು ಪ್ರತಿ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇರಲಿ. ಮುಂದಿನ ಡಿಸೆಂಬರ್ ಎರಡನೇ ಅರ್ಧಕ್ಕೆ ಯಾರು ಕೂರಬೇಕು ಅನ್ನುವುದನ್ನು ಅದೇ ಪುಟದ ಕೆಳಗೆ ಬರೆದು ಸಹಿ ಹಾಕಿಸಿಕೊಳ್ಳಿ.